ಬಿಗಿತಕ್ಕೊಂದು ಅಳತೆ

ಗೃಹಸ್ಥನ ಮನೆಯಲ್ಲಿ ಅಳತೆಯ ಸಾಧನಗಳಿಗೆ ಕೊರತೆಯಿಲ್ಲ. ಅಕ್ಕಿಗೆ ಪಾವುಂಟು, ಹಾಲಿಗೆ ಲೀಟರುಂಟು, ಬಟ್ಟೆಗೆ ಮೀಟರುಂಟು, ಮಗುವಿನ ಜ್ವರಕ್ಕೆ ಥರ್ಮಾಮೀಟರುಂಟು. ಆದರೆ ಬಿಗಿತವೆಂಬ ಒಂದು ಗುಣಕ್ಕೆ ಮಾತ್ರ ನಾವು ಎಂದೂ ಅಳತೆಗೋಲನ್ನು ಹುಡುಕಿದವರಲ್ಲ. ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟುವಾಗಲಾಗಲಿ, ನಲ್ಲಿಯನ್ನು ತಿರುಗಿಸಿ ನಿಲ್ಲಿಸುವಾಗಲಾಗಲಿ, “ಇಷ್ಟು ಸಾಕು” ಎಂದು ಕೈಯೇ ಹೇಳುತ್ತದೆ, ನಾವು ಕೇಳುತ್ತೇವೆ. ನಲ್ಲಿ ತೊಟ್ಟಿಕ್ಕಿದರೆ ಇನ್ನೊಂದಿಷ್ಟು ತಿರುವುತ್ತೇವೆ. ಹೆಚ್ಚೆಂದರೆ ಒಂದು ವಾಷರು ಹೋದೀತು. ಅಂಥ ಕಡೆ ಕೈಯ ತೀರ್ಪೇ ಸಾಕು. ಆದರೆ ತೀರ್ಪು ತಪ್ಪಿದರೆ ವಾಷರಿನಷ್ಟು ಅಗ್ಗವಾಗಿ ಮುಗಿಯದ ಸ್ಥಳವೊಂದು ಇಂದು ಅನೇಕರ ಮನೆಯ ಜಗುಲಿಯಲ್ಲಿಯೇ ಗೋಡೆಗೊರಗಿ ನಿಂತಿದೆ. ಅದು ಬೈಸಿಕಲ್ಲು.

ಹಿಂದಿನ ಕರಿಯ ಬೈಸಿಕಲ್ಲನ್ನು ಮಾತ್ರ ಬಲ್ಲವರಿಗೆ ಈ ಮಾತು ಅತಿಶಯೋಕ್ತಿಯಾಗಿ ತೋರಬಹುದು. ಆ ಜಾತಿಯ ಗಾಡಿ ಈಗಲೂ ಅಳಿದಿಲ್ಲ; ಹಾಲಿನ ಕ್ಯಾನುಗಳನ್ನೋ ಹುಲ್ಲಿನ ಹೊರೆಯನ್ನೋ ಹೊತ್ತು ನಮ್ಮ ಹಳ್ಳಿಗಳ ದಾರಿಯಲ್ಲಿ ಇಂದಿಗೂ ಓಡುತ್ತಿದೆ. ಅದರ ಮೈಯೆಲ್ಲ ಉಕ್ಕು. ಪೆಡಲಿನ ತೋಳನ್ನು ಅಚ್ಚಿಗೆ ಸೇರಿಸುವುದು ಕಾಟರ್ ಪಿನ್ನೆಂಬ ಒಂದು ಬೆಣೆ. ಅದನ್ನು ಸುತ್ತಿಗೆಯಿಂದ ಹೊಡೆದೇ ಕೂರಿಸಬೇಕು. ಇಂಥ ಗಾಡಿಯ ಮುಂದೆ ಕುಳಿತು ಬಿಗಿತದ ಸೂಕ್ಷ್ಮವನ್ನು ಚರ್ಚಿಸಿದರೆ ಸೈಕಲ್ ಷಾಪಿನವರು ನಕ್ಕಾರು. ಉಕ್ಕು ಸಹನೆಯುಳ್ಳ ಲೋಹ. ಬೇಕಾದುದಕ್ಕಿಂತ ಹೆಚ್ಚು ಬಿಗಿದರೂ ತಾಳಿಕೊಳ್ಳುತ್ತದೆ. ತಾಳಲಾರದೆ ಹೋದಾಗಲೂ ಸಾಮಾನ್ಯವಾಗಿ ಮೊದಲು ಬಾಗಿ, ಮುನ್ಸೂಚನೆ ಕೊಟ್ಟು, ಆಮೇಲೆ ಮುರಿಯುತ್ತದೆ.

ಇಂದಿನ ಗೇರಿನ ಬೈಸಿಕಲ್ಲಿನ ಸ್ವಭಾವ ಬೇರೆ. ಹಗುರವಾಗಿರಬೇಕೆಂಬುದು ಅದರ ವ್ರತ. ಚೌಕಟ್ಟು ಹೆಚ್ಚಾಗಿ ಅಲ್ಯೂಮಿನಿಯಮ್ಮಿನದು. ಬೆಲೆ ಏರಿದಂತೆ ಸೀಟಿನ ಕಂಬ, ಹ್ಯಾಂಡಲ್ಲು, ಕೊನೆಗೆ ಚೌಕಟ್ಟೇ ಕಾರ್ಬನ್ನಿನದಾಗುತ್ತದೆ, ಎಂದರೆ ಇಂಗಾಲದ ಎಳೆಗಳನ್ನು ರಾಳದಲ್ಲಿ ಕೂಡಿಸಿ ಮಾಡಿದ ತೆಳುವಾದ ಕೊಳವೆ. ಇವನ್ನೆಲ್ಲ ಒಂದಕ್ಕೊಂದು ಹಿಡಿದಿಡುವ ಬೋಲ್ಟುಗಳಲ್ಲಿ ಅನೇಕವು ಕೇವಲ ೫ ಮಿಲಿಮೀಟರ್ ದಪ್ಪದವು. ಹ್ಯಾಂಡಲ್ಲನ್ನು ಕಚ್ಚಿಕೊಂಡಿರುವ ಗಿಡ್ಡ ತೋಳಿಗೆ ಸ್ಟೆಮ್ ಎನ್ನುತ್ತಾರೆ. ಅದರ ಮುಂಬದಿಯ ಮುಚ್ಚಳವನ್ನು ಸಾಮಾನ್ಯವಾಗಿ ಇಂಥ ನಾಲ್ಕು ಬೋಲ್ಟುಗಳು ಹಿಡಿದಿರುತ್ತವೆ. ಇಳಿಜಾರಿನಲ್ಲಿ ಸವಾರನ ಪ್ರಾಣ ಈ ನಾಲ್ಕರ ವಶದಲ್ಲಿರುತ್ತದೆಂದರೆ ಸುಳ್ಳಲ್ಲ. ಅವು ಸಡಿಲವಾಗಿದ್ದರೆ, ಬ್ರೇಕು ಹಿಡಿದು ಮೈಭಾರವನ್ನು ಕೈಮೇಲೆ ಬಿಟ್ಟ ಕ್ಷಣದಲ್ಲಿ ಹ್ಯಾಂಡಲ್ಲು ಕೆಳಕ್ಕೆ ಹೊರಳಿಬಿಡಬಹುದು. ಅತಿ ಬಿಗಿಯಾದರೆ ಅಲ್ಯೂಮಿನಿಯಮ್ಮಿನೊಳಗಿನ ಥ್ರೆಡ್ಡು ಕಿತ್ತುಹೋಗುತ್ತದೆ. ಕಾರ್ಬನ್ನಾದರೆ ಒಳಗೇ ನಲುಗಿ ಸೀಳುತ್ತದೆ. ಆ ಸೀಳು ಹೊರಗಿನ ಬಣ್ಣದ ಮೇಲೆ ಕಾಣದೆಯೂ ಇರಬಹುದು. ಉಕ್ಕಿನಂತೆ ಬಾಗಿ ಎಚ್ಚರಿಸದೆ ಒಂದು ದಿನ ತಟ್ಟನೆ ಮುರಿದೀತು. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಬಿಗಿತಕ್ಕೂ ಸಲ್ಲುತ್ತದೆ.

ನನಗೆ ಈ ವಿಚಾರ ಪುಸ್ತಕದಿಂದ ಬಂದುದಲ್ಲ. ನಾವಿರುವುದು ಮೈಸೂರಿನಲ್ಲಿ. ಕಾಲೇಜಿಗೆ ಹೋಗುವ ನಮ್ಮ ಮಗಳು ಭಾನುವಾರ ಬೆಳಗಿನ ಜಾವ ಗೆಳತಿಯರೊಡನೆ ಬೈಸಿಕಲ್ಲಿನಲ್ಲಿ ಚಾಮುಂಡಿಬೆಟ್ಟವನ್ನು ಹತ್ತಿ ಇಳಿಯುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ಅವಳ ಹೊಸ ಗಾಡಿಯನ್ನು ಪೇಟೆಯ ಒಂದು ಅಂಗಡಿಯವರು ಜೋಡಿಸಿ ಕೊಟ್ಟರು. ಮೂರನೆಯ ವಾರ ಅವಳು ಸೀಟನ್ನು ಅರ್ಧ ಅಂಗುಲ ಏರಿಸಬೇಕೆಂದು ಅಲೆನ್ ಕೀ ಹಾಕಿದಾಗ ಕ್ಲಾಂಪಿನ ಬೋಲ್ಟು ಮೊದಲು ಅಲ್ಲಾಡಲೇ ಇಲ್ಲ. ಬಹಳ ಪ್ರಯಾಸದ ಮೇಲೆ ಬಂತು. ಬರುವಾಗ ಅಲ್ಯೂಮಿನಿಯಮ್ಮಿನ ಥ್ರೆಡ್ಡನ್ನೂ ಎಳೆ ಎಳೆಯಾಗಿ ಸುತ್ತಿಕೊಂಡು ಬಂತು. ಜೋಡಿಸಿದವನು ತನ್ನ ತೋಳಿನ ಬಲವನ್ನೆಲ್ಲ ಅದಕ್ಕೆ ಧಾರೆಯೆರೆದಿದ್ದನೆಂದು ತೋರುತ್ತದೆ. ಇಷ್ಟಾದ ಮೇಲೆ ಮುಂಭಾಗವನ್ನೂ ಪರೀಕ್ಷಿಸಿದೆವು. ಸ್ಟೆಮ್ಮಿನ ನಾಲ್ಕು ಬೋಲ್ಟುಗಳಲ್ಲಿ ಮೇಲಿನ ಎರಡು ಕಲ್ಲಿನಂತೆ ಬಿಗಿದಿದ್ದವು. ಕೆಳಗಿನ ಎರಡು, ಕೀಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ತಿರುಗಿದವು. ಆ ಹ್ಯಾಂಡಲ್ಲನ್ನು ನಂಬಿ ಅವಳು ಎರಡು ಭಾನುವಾರ ಬೆಟ್ಟವಿಳಿದು ಬಂದಿದ್ದಳು.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ ಬಹಳ ಹೊತ್ತು ಏನೂ ಆಡಲಿಲ್ಲ. ಆಮೇಲೆ, “ಅಲ್ಲಾಂದ್ರೆ, ಇಷ್ಟು ಬಿಗಿದರೆ ಸರಿ, ಇಷ್ಟಾದರೆ ಹೆಚ್ಚು ಅನ್ನೋದಕ್ಕೆ ಒಂದು ಅಳತೆ ಅಂತ ಇರೋದಿಲ್ಲವೇ?” ಎಂದಳು. ಈ ಲೇಖನ ಆ ಪ್ರಶ್ನೆಗೆ ನಾವು ಹುಡುಕಿಕೊಂಡ ಉತ್ತರ.

ಅಳತೆಯುಂಟು. ಅದನ್ನು ಟಾರ್ಕ್ ಎನ್ನುತ್ತಾರೆ. ಬೀಸುವ ಕಲ್ಲನ್ನು ಬಲ್ಲವರಿಗೆ ಇದರ ತತ್ವ ಹೊಸದಲ್ಲ. ಕಲ್ಲಿನ ಗೂಟವನ್ನು ಅಂಚಿನಲ್ಲಿಯೇ ಏಕೆ ನೆಡುತ್ತಾರೆ? ನಡುವಿನ ಹತ್ತಿರಕ್ಕೆ ನೆಟ್ಟರೆ ಅದೇ ಕಲ್ಲು, ಅದೇ ರಾಗಿ, ಅದೇ ಕೈ. ಆದರೆ ತಿರುಗಿಸುವುದು ದುಸ್ತರವಾಗುತ್ತದೆ. ಎಂದಮೇಲೆ ತಿರುಗಿಸುವ ಶಕ್ತಿ ಕೈಯ ಬಲವೊಂದರಿಂದಲೇ ಆದುದಲ್ಲ. ಕೈ ನಡುವಿನಿಂದ ಎಷ್ಟು ದೂರದಲ್ಲಿದೆಯೆಂಬುದನ್ನು ಅದರೊಡನೆ ಗುಣಿಸಬೇಕು. ಈ ಗುಣಲಬ್ಧವೇ ಟಾರ್ಕು. ಅದನ್ನು ನ್ಯೂಟನ್-ಮೀಟರುಗಳಲ್ಲಿ ಹೇಳುತ್ತಾರೆ. ಸುಮಾರು ೧೦೨ ಗ್ರಾಂ ತೂಕ ಅಂಗೈಯನ್ನು ಒತ್ತುವ ಬಲ ಒಂದು ನ್ಯೂಟನ್. ಹಾಗಾದರೆ ೫ ನ್ಯೂಟನ್-ಮೀಟರ್ ಎಂದರೆ, ೧೦ ಸೆಂಟಿಮೀಟರ್ ಉದ್ದದ ಅಲೆನ್ ಕೀಯ ತುದಿಯಲ್ಲಿ ೫ ಕಿಲೋಗ್ರಾಮಿಗೆ ತುಸು ಹೆಚ್ಚು ತೂಗುಹಾಕಿದಂತೆ. ಕೀ ೨೦ ಸೆಂಟಿಮೀಟರಿನದಾದರೆ ಎರಡೂವರೆ ಕಿಲೋ ಸಾಕು. ಕೀ ಉದ್ದವಾದಷ್ಟೂ ಕೈಗೆ ಕೆಲಸ ಹಗುರ. ಬೋಲ್ಟಿಗೆ ಅಪಾಯ ಹತ್ತಿರ.

ಇನ್ನು ಬೇಕಾದ ಪ್ರಮಾಣ. ಸ್ಟೆಮ್ಮಿನ ಸಣ್ಣ ಬೋಲ್ಟುಗಳಿಗೆ ಸಾಮಾನ್ಯವಾಗಿ ೪ರಿಂದ ೬ ನ್ಯೂಟನ್-ಮೀಟರ್. ಸೀಟಿನ ಕಂಬವನ್ನು ಹಿಡಿಯುವ ಕ್ಲಾಂಪಿಗೆ ಸುಮಾರು ೫ರಿಂದ ೭. ದಪ್ಪ ಭಾಗಗಳ ಲೆಕ್ಕವೇ ಬೇರೆ: ಪೆಡಲಿಗೆ ೩೫ಕ್ಕೆ ಕಡಮೆಯಿಲ್ಲ, ಹಿಂಚಕ್ರದ ಗೇರುಗಳ ಕ್ಯಾಸೆಟ್ಟನ್ನು ಬಂಧಿಸುವ ಬಳೆಗೆ ಸುಮಾರು ೪೦. ಆದರೆ ಇವು ಸಾಮಾನ್ಯ ಅಂಕಿಗಳು ಮಾತ್ರ. ಈಗಿನ ಒಳ್ಳೆಯ ಬಿಡಿಭಾಗಗಳ ಮೇಲೆ ಅದರದರ ಅಂಕಿಯನ್ನು ಬೋಲ್ಟಿನ ಪಕ್ಕದಲ್ಲಿಯೇ ಅಚ್ಚು ಹಾಕಿರುತ್ತಾರೆ. ಇಲ್ಲವೇ ಜೊತೆಗೆ ಬಂದ ಪುಸ್ತಿಕೆಯಲ್ಲಿರುತ್ತದೆ. ಅದೇ ಪ್ರಮಾಣ. ಅಂಕಿಯ ಹಿಂದೆ ‘ಮ್ಯಾಕ್ಸ್’ ಎಂದಿದ್ದರೆ ಅದು ಮೀರಬಾರದ ಗಡಿಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ. ಏಕಮಾನವನ್ನೂ ಗಮನಿಸಿ ಓದಬೇಕು. ಅಮೆರಿಕದವರು ಅಡಿ-ಪೌಂಡುಗಳಲ್ಲಿಯೂ ಅಂಗುಲ-ಪೌಂಡುಗಳಲ್ಲಿಯೂ ಬರೆಯುವುದುಂಟು. ೫ ನ್ಯೂಟನ್-ಮೀಟರ್ ಎಂದರೆ ಸುಮಾರು ೪೪ ಅಂಗುಲ-ಪೌಂಡು. ೫ ಅಡಿ-ಪೌಂಡಾದರೋ ಹೆಚ್ಚುಕಡಮೆ ೬.೮ ನ್ಯೂಟನ್-ಮೀಟರ್. ಅಂಕಿ ಒಂದೇ ಆದರೂ ಬಿಗಿತ ಒಂದೇ ಅಲ್ಲ.

“ಅನುಭವವುಳ್ಳ ಕೈಗೆ ಇದೆಲ್ಲ ತಿಳಿಯದೆ ಇರುತ್ತದೆಯೇ?” ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ವೈಣಿಕನು ಬಿರಡೆಯನ್ನು ತಿರುವುವಾಗ ಯಾವ ಮಾಪಕವನ್ನೂ ನೋಡುವುದಿಲ್ಲ. ತಂತಿಯೇ ತನ್ನ ಬಿಗಿತವನ್ನು ನುಡಿದು ಹೇಳುತ್ತದೆ. ಬೈಸಿಕಲ್ಲಿನಲ್ಲಿಯೂ ಹಾಗೆ ನುಡಿಯುವ ಭಾಗವೊಂದುಂಟು: ಚಕ್ರದ ಕಡ್ಡಿ. ನಿಪುಣನಾದ ಮೇಸ್ತ್ರಿ ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಸ್ವರವನ್ನು ಕೇಳಿ, ಸಡಿಲವಾದುದನ್ನು ಗುರುತಿಸುತ್ತಾನೆ. ಆದರೆ ಬೋಲ್ಟು ಮೂಕ. ಅದೂ ವಾಸ್ತವವಾಗಿ ಒಂದು ತಂತಿಯೇ. ಬಿಗಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ ಸ್ಪ್ರಿಂಗಿನಂತೆ ಎರಡು ಭಾಗಗಳನ್ನೂ ಒಂದಕ್ಕೊಂದು ಎಳೆದು ಹಿಡಿಯುತ್ತದೆ. ನಮಗೆ ಬೇಕಾದುದು ಈ ಎಳೆತ. ಕೈಗೆ ತಿಳಿಯುವುದಾದರೋ ಎಳೆತವಲ್ಲ, ಘರ್ಷಣೆ. ನಾವು ಕೊಡುವ ತಿರುಚಿನಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯ ಕೆಳಗಿನ ಉಜ್ಜಾಟದಲ್ಲಿ ಕಳೆದುಹೋಗುತ್ತದೆ. ಐದರಲ್ಲಿ ಎರಡು ಪಾಲು ಥ್ರೆಡ್ಡಿನ ಉಜ್ಜಾಟದಲ್ಲಿ ಹೋಗುತ್ತದೆ. ಉಳಿದ ಹತ್ತನೆಯ ಒಂದು ಪಾಲಷ್ಟೇ ಹಿಡಿತವಾಗಿ ಪರಿಣಮಿಸುತ್ತದೆ. ಥ್ರೆಡ್ಡಿನಲ್ಲಿ ಧೂಳೋ ತುಕ್ಕೋ ಇದ್ದರೆ ಕೈಗೆ ಬಹಳ ಬಿಗಿಯಾದಂತೆ ತೋರುತ್ತದೆ, ಹಿಡಿತ ಮಾತ್ರ ಅಲ್ಪವಾಗಿರುತ್ತದೆ. ಗ್ರೀಸು ಸವರಿದ್ದರೆ ಕೈಗೆ ಸುಲಭವೆನಿಸುತ್ತದೆ, ಹಿಡಿತ ಆಗಲೇ ಮಿತಿ ಮುಟ್ಟಿರುತ್ತದೆ. ಆದಕಾರಣವೇ ತಯಾರಕರು ಎಲ್ಲಿ ಗ್ರೀಸು ಹಚ್ಚಬೇಕು, ಎಲ್ಲಿ ಒಣಗಿರಬೇಕು, ಕಾರ್ಬನ್ನಿಗೆ ಎಲ್ಲಿ ಜಾರದಂತೆ ಹಿಡಿಯುವ ಮರಳುಮರಳಾದ ಲೇಪವನ್ನು ಬಳಸಬೇಕು ಎಂಬುದನ್ನು ಅಂಕಿಯ ಜೊತೆಯಲ್ಲಿಯೇ ಹೇಳುವುದು. ಅಂಕಿಯನ್ನು ಪಾಲಿಸಿ ಆ ಮಾತನ್ನು ಬಿಟ್ಟರೆ ಔಷಧಿಯನ್ನು ನುಂಗಿ ಪಥ್ಯವನ್ನು ಬಿಟ್ಟಂತೆ.

ಈ ತಿರುಚನ್ನು ಅಳೆಯುವ ಉಪಕರಣವೇ ಟಾರ್ಕ್ ರೆಂಚು. ೧೯೩೦ರ ದಶಕದಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟುಗಳು ದೊರೆತವು. ಮೋಟಾರು ಇಂಜಿನ್ನುಗಳ ಬೋಲ್ಟುಗಳನ್ನು ಸಮನಾಗಿ ಬಿಗಿಯಲು ಅದು ಬಹಳ ಉಪಯೋಗಕ್ಕೆ ಬಂತು. ಇಂದು ಬೈಸಿಕಲ್ಲಿಗೆ ಒಪ್ಪುವಂಥವು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಒಂದೇ ಅಳತೆಯದು. ೪ಕ್ಕೋ ೫ಕ್ಕೋ ೬ಕ್ಕೋ ಕಾರ್ಖಾನೆಯಲ್ಲಿಯೇ ನಿಗದಿಮಾಡಿದ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಹಿಡಿ. ಆ ಮಿತಿ ಬಂದೊಡನೆ ಅದು ಜಾರಿಕೊಂಡೋ ಸದ್ದು ಮಾಡಿಯೋ ಸೂಚಿಸುತ್ತದೆ. ಒಂದೇ ಗಾಡಿ, ಎಲ್ಲ ಬೋಲ್ಟುಗಳಿಗೂ ಒಂದೇ ಅಂಕಿ, ಎಂಬ ಮನೆಗೆ ಇದಕ್ಕಿಂತ ಸರಳವಾದುದಿಲ್ಲ.

ಎರಡನೆಯದು ಟಕ್ಕೆನ್ನುವ ರೆಂಚು. ಹಿಡಿಯನ್ನು ತಿರುಗಿಸಿ ಬೇಕಾದ ಅಂಕಿಯನ್ನು ಇಟ್ಟರೆ, ಒಳಗಿನ ಸ್ಪ್ರಿಂಗು ಆ ಮಿತಿಯಲ್ಲಿ ಸಡಿಲಿ ಟಕ್ಕೆಂದು ಸದ್ದು ಮಾಡುತ್ತದೆ. ಕಣ್ಣಿಗೆ ಕಾಣದ ಮೂಲೆಯಲ್ಲಿಯೂ ಕೆಲಸ ಮಾಡಬಹುದು. ಆದರೆ ಆ ಸದ್ದು ನಮ್ಮ ಕೈಯನ್ನು ಹಿಡಿದು ನಿಲ್ಲಿಸುವುದಿಲ್ಲ. ಸದ್ದಾದ ಮೇಲೂ ಒತ್ತಿದರೆ ಬೋಲ್ಟು ಇನ್ನೂ ಬಿಗಿಯುತ್ತಲೇ ಹೋಗುತ್ತದೆ. ಕಡಮೆ ಅಂಕಿಗಳಲ್ಲಿ ಸದ್ದು ಬಹಳ ಮೆಲ್ಲಗಿರುವುದುಂಟು. ಕೆಲಸ ಮುಗಿದ ಮೇಲೆ ಅಂಕಿಯನ್ನು ಅತ್ಯಂತ ಕೆಳಗಿನ ಗುರುತಿಗೆ ಇಳಿಸಿಡಬೇಕು. ಸ್ಪ್ರಿಂಗನ್ನು ಸದಾ ಅದುಮಿಟ್ಟರೆ ಅದು ಸೋಲುತ್ತದೆ. ಇದನ್ನು ವರ್ಷಕ್ಕೊಮ್ಮೆ, ಅಥವಾ ೫,೦೦೦ ಸಲ ಬಳಸಿದ ಮೇಲೆ, ಮತ್ತೆ ಪರೀಕ್ಷೆಗೆ ಕೊಡಬೇಕೆಂದು ಐ.ಎಸ್.ಒ. ೬೭೮೯ ಎಂಬ ಅಂತರರಾಷ್ಟ್ರೀಯ ಪ್ರಮಾಣದಲ್ಲಿ ಹೇಳಿದೆ.

ಮೂರನೆಯದು ಮುಳ್ಳಿನ ರೆಂಚು. ಇದರಲ್ಲಿ ಸ್ಪ್ರಿಂಗಿಲ್ಲ, ಗಿಯರಿಲ್ಲ. ಒಂದು ಉಕ್ಕಿನ ಕಂಬಿ, ಅದರ ಪಕ್ಕದಲ್ಲಿ ಒಂದು ಮುಳ್ಳು, ಹಿಡಿಯ ಬಳಿ ಒಂದು ಮಾಪಕ. ಒತ್ತಿದಾಗ ಕಂಬಿ ತುಸು ಬಾಗುತ್ತದೆ. ಬಲ ತಾಗದ ಮುಳ್ಳು ನೆಟ್ಟಗೆ ನಿಂತು, ಎಷ್ಟು ಬಾಗಿತೆಂಬುದನ್ನು ಮಾಪಕದ ಮೇಲೆ ತೋರಿಸುತ್ತದೆ. ಓರೆಯಿಂದ ನೋಡದೆ ನೇರವಾಗಿ ಮೇಲಿನಿಂದ ನೋಡಬೇಕು. ಇಕ್ಕಟ್ಟಿನಲ್ಲಿ ಓದುವುದು ಕಷ್ಟ. ಆದರೆ ಇದು ಎರಡು ದಿಕ್ಕಿನಲ್ಲಿಯೂ ಅಳೆಯುತ್ತದೆ. ಎಡಗಡೆಯ ಪೆಡಲಿನ ಥ್ರೆಡ್ಡು ತಿರುಗುಮುರುಗಾಗಿರುತ್ತದಷ್ಟೆ. ಟಕ್ಕೆನ್ನುವ ರೆಂಚುಗಳಲ್ಲಿ ಅನೇಕವು ಬಲಕ್ಕೆ ತಿರುಗುವಾಗ ಮಾತ್ರ ಅಳೆಯತಕ್ಕವು. ಇವಲ್ಲದೆ ಅಂಕಿಯನ್ನು ಬೆಳಕಿನಲ್ಲಿ ತೋರಿಸುವ ವಿದ್ಯುನ್ಮಾನದ ರೆಂಚುಗಳೂ ಉಂಟು. ಅವು ನಿಷ್ಕೃಷ್ಟವಾದುವೇ, ಆದರೆ ಬ್ಯಾಟರಿಯ ಸೇವೆಯನ್ನು ಬೇಡುತ್ತವೆ. ತಿಂಗಳಿಗೆರಡು ಬಾರಿ ಪೆಟ್ಟಿಗೆಯಿಂದ ಹೊರಬರುವ ಸಾಧನಕ್ಕೆ ಅದು ಅಗತ್ಯವೆಂದು ನನಗೆ ತೋರಲಿಲ್ಲ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿದೆವು. ಕಾರ್ಖಾನೆಯಲ್ಲಿ ಕೆಲಸದಲ್ಲಿರುವ ನನ್ನ ಭಾವಮೈದುನನು ಚಿಕ್ಕದೊಂದು, ದೊಡ್ಡದೊಂದು, ಎರಡು ಮುಳ್ಳಿನ ರೆಂಚುಗಳನ್ನು ತಂದುಕೊಟ್ಟನು. ನಮ್ಮ ಬೀದಿಯ ಕೊನೆಯಲ್ಲಿ ಹೊಂಗೆಯ ಮರದಡಿ ಸೈಕಲ್ ಷಾಪು ಇಟ್ಟಿರುವ ಮೇಸ್ತ್ರಿಗಳು ನಲವತ್ತು ವರ್ಷ ಈ ಕಸಬಿನಲ್ಲಿ ಪಳಗಿದವರು. ಕೆಲಸಕ್ಕೆ ಬಾರದ ಒಂದು ಹಳೆಯ ಸ್ಟೆಮ್ಮನ್ನು ಅವರ ವೈಸಿಗೆ ಕಚ್ಚಿಸಿ, ಮಾಪಕಕ್ಕೆ ಕರವಸ್ತ್ರವನ್ನು ಮರೆಹಿಡಿದು, “ಮೇಸ್ತ್ರಿಗಳೇ, ನಿಮಗೆ ಸರಿಯೆಂದು ತೋರುವಷ್ಟು ಬಿಗಿಯಿರಿ” ಎಂದು ಕೇಳಿಕೊಂಡೆವು. ಬೇಕಾದುದು ೫. ಅವರ ಕೈ ಮೂರು ಸಲವೂ ಎಂಟರ ಆಸುಪಾಸಿನಲ್ಲಿಯೇ ನಿಂತಿತು. ನಾನು ಬಿಗಿದಾಗ ಒಮ್ಮೆ ಮೂರೂವರೆ, ಒಮ್ಮೆ ಏಳು, ಒಮ್ಮೆ ಐದು ಬಂತು. ಅನಂತರ ಪೆಡಲಿನ ಸರದಿ. ದೊಡ್ಡ ರೆಂಚಿನಲ್ಲಿ ಅವರು ಬಿಗಿದಾಗ ಮುಳ್ಳು ತೋರಿದ್ದು ೩೮, ೪೦, ೩೯. ಕಾರ್ಖಾನೆಯ ಯಂತ್ರವೂ ಇದಕ್ಕಿಂತ ಚೆನ್ನಾಗಿ ಬಿಗಿಯಲಾರದೆಂದು ನನ್ನ ಭಾವಮೈದುನನು ತಲೆದೂಗಿದನು.

ಕರವಸ್ತ್ರವನ್ನು ತೆಗೆದು ಅಂಕಿಗಳನ್ನು ತೋರಿಸಿದಾಗ ಮೇಸ್ತ್ರಿಗಳಿಗೆ ಬೇಸರವಾಗಬಹುದೆಂದು ನನಗೆ ಅಳುಕಿತ್ತು. ಅವರು ರೆಂಚನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, “ಈ ಕೈ ಕಬ್ಬಿಣದ ಮೇಲೆ ಪಳಗಿದ್ದು ಸ್ವಾಮಿ. ಈ ಅಲ್ಯೂಮಿನಿಯಂ ಸಾಮಾನು ಎಷ್ಟು ತಡೆಯುತ್ತೆ ಅಂತ ಇದಕ್ಕೆ ಯಾರು ಹೇಳಿಕೊಟ್ಟರು?” ಎಂದರು. ಆಮೇಲೆ ಮರೆಯಿಲ್ಲದೆ, ಮುಳ್ಳನ್ನು ನೋಡುತ್ತ, ಅದೇ ಬೋಲ್ಟನ್ನು ಐದಕ್ಕೆ ಬಿಗಿದು, ಬಿಚ್ಚಿ, ಮತ್ತೆ ಬಿಗಿದು, ಹೀಗೆ ಏಳೆಂಟು ಸಲ ಮಾಡಿದರು. “ಇಷ್ಟೇನೇ?” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಯಾವುದನ್ನು ಮೊದಲು ಕೊಳ್ಳಬೇಕೆಂಬ ಸಂಶಯ ಅಲ್ಲಿಯೇ ಪರಿಹಾರವಾಯಿತು. ದೊಡ್ಡ ಬಿಗಿತದಲ್ಲಿ ಪಳಗಿದ ಕೈ ಹೆಚ್ಚು ತಪ್ಪುವುದಿಲ್ಲ. ಅಲ್ಲಿ ಮನುಷ್ಯನ ಶಕ್ತಿಯೂ ಬೇಕಾದ ಬಲವೂ ಒಂದಕ್ಕೊಂದು ಸಮೀಪವಾಗಿವೆ. ಸಣ್ಣ ಬೋಲ್ಟಿನ ಮುಂದೆ ಮಾತ್ರ ನಮ್ಮ ಶಕ್ತಿ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು. ಆದುದರಿಂದ ಅಳತೆ ಮೊದಲು ಬೇಕಾದುದು ಅಲ್ಲಿ. ಅಂಗಡಿಯಲ್ಲಿ ಅನೇಕರು ಇದಕ್ಕೆ ವಿರುದ್ಧವಾಗಿ ಆಲೋಚಿಸುತ್ತಾರೆ. ಕಾರಿನ ಚಕ್ರಕ್ಕೂ ಆದೀತು, ಸೈಕಲ್ಲಿಗೂ ಆದೀತು ಎಂದು ೨೦೦ ನ್ಯೂಟನ್-ಮೀಟರಿನವರೆಗೆ ಹೋಗುವ ದೊಡ್ಡ ರೆಂಚನ್ನು ತರುತ್ತಾರೆ. ಅಂಥದರಲ್ಲಿ ಐದೆಂಬ ಗುರುತೇ ಇರುವುದಿಲ್ಲ. ಮೂಟೆ ತೂಗುವ ತಕ್ಕಡಿಯಲ್ಲಿ ಏಲಕ್ಕಿಯನ್ನು ತೂಗಿದಂತೆ. ರೆಂಚಿನ ನಿಷ್ಕೃಷ್ಟತೆಯನ್ನು ಪ್ರಮಾಣಾನುಸಾರ ಪರೀಕ್ಷಿಸುವುದೇ ಅದರ ಪೂರ್ಣಮಿತಿಯ ನೂರಕ್ಕೆ ೨೦ ಭಾಗದಿಂದ ಮೇಲಕ್ಕೆ. ಅದಕ್ಕೂ ಕೆಳಗೆ ಅದರ ಮಾತನ್ನು ನಂಬಲಾಗದು. ಆದುದರಿಂದ ನಮಗೆ ಮುಖ್ಯವಾದ ೪, ೫, ೬ ಎಂಬ ಅಂಕಿಗಳು ಮಾಪಕದ ಅಂಚಿನಲ್ಲಿರದೆ ನಡುವಿನಲ್ಲಿ ಬರುವಂತೆ ನೋಡಿಕೊಳ್ಳಬೇಕು. ೨ರಿಂದ ೧೫ರ ಒಳಗಿನ, ಕಾಲು ಅಂಗುಲದ ಚೌಕದ ಮೂತಿಯುಳ್ಳ ಚಿಕ್ಕ ರೆಂಚು ಇದಕ್ಕೆ ತಕ್ಕದ್ದು. ಜೊತೆಗೆ ೪, ೫, ೬ ಮಿಲಿಮೀಟರಿನ ಅಲೆನ್ ಮೂತಿಗಳೂ, ಟಿ-೨೫ ಎಂಬ ನಕ್ಷತ್ರಾಕಾರದ ಮೂತಿಯೂ ಇದ್ದರೆ ಹೆಚ್ಚಿ‌ನ ಕೆಲಸವೆಲ್ಲ ನಡೆಯುತ್ತದೆ. ೧೦ ನ್ಯೂಟನ್-ಮೀಟರಿನವರೆಗಿನ ಟಕ್ಕೆನ್ನುವ ರೆಂಚಿಗೆ ಮೇಲೆ ಹೇಳಿದ ಪ್ರಮಾಣ ನೂರಕ್ಕೆ ೬ರಷ್ಟು ಹೆಚ್ಚುಕಡಮೆಯನ್ನು ಒಪ್ಪುತ್ತದೆ. ಅದಕ್ಕೆ ಮೇಲ್ಪಟ್ಟುದಕ್ಕೆ ನೂರಕ್ಕೆ ೪ನ್ನು. ಐದರಲ್ಲಿ ನೂರಕ್ಕೆ ೬ ಎಂದರೆ ೦.೩ ಮಾತ್ರ. ಎಂಟಕ್ಕೂ ಮೂರೂವರೆಗೂ ನಡುವೆ ಓಲಾಡುವ ಕೈಯೊಡನೆ ಹೋಲಿಸಿದರೆ ಇದು ಗಣನೆಗೆ ಬಾರದ ವ್ಯತ್ಯಾಸ.

ಬಗೆಯ ವಿಚಾರದಲ್ಲಿ ನಾವು ಮುಳ್ಳಿನ ರೆಂಚನ್ನೇ ಆರಿಸಿಕೊಂಡೆವು. ಮಗಳ ಒಲವು ಟಕ್ಕೆನ್ನುವುದರ ಮೇಲಿತ್ತು. ಅದು ನೋಡಲು ಅಂದವಾಗಿಯೂ ಇತ್ತು. ನನ್ನ ವಾದ ಇಷ್ಟೇ ಆಗಿತ್ತು. ಕಾರ್ಖಾನೆಯಲ್ಲಾದರೆ ಸಾಧನಗಳನ್ನು ಕಾಲಕಾಲಕ್ಕೆ ಪರೀಕ್ಷಿಸುವವರಿದ್ದಾರೆ. ಮನೆಯಲ್ಲಿ ಯಾರಿದ್ದಾರೆ? ಸ್ಪ್ರಿಂಗು ಸೋತ ರೆಂಚೂ ಮೊದಲಿನಷ್ಟೇ ಆತ್ಮವಿಶ್ವಾಸದಿಂದ ಟಕ್ಕೆನ್ನುತ್ತದೆ. ಅದು ಸುಳ್ಳಾಡುತ್ತಿದೆಯೆಂದು ನಮಗೆ ತಿಳಿಯುವ ಬಗೆಯಿಲ್ಲ. ಮುಳ್ಳಿನ ರೆಂಚು ಕೆಳಕ್ಕೆ ಬಿದ್ದು ಮುಳ್ಳು ಬಾಗಿದರೆ, ಬಲ ಹಾಕದೆ ಸುಮ್ಮನೆ ಇಟ್ಟಾಗಲೇ ಅದು ಸೊನ್ನೆಯ ಮೇಲೆ ನಿಲ್ಲುವುದಿಲ್ಲ. ಮುಳ್ಳನ್ನು ಮೆಲ್ಲಗೆ ಬಾಗಿಸಿ ಸೊನ್ನೆಗೆ ತಂದರೆ ಮತ್ತೆ ಕೆಲಸಕ್ಕೆ ಬರುತ್ತದೆ. ತಾನು ತಪ್ಪಿದಾಗ ತಪ್ಪಿದೆನೆಂದು ತಾನೇ ತೋರಿಸಿಕೊಳ್ಳುವ ಸಾಧನ ಗೃಹಸ್ಥನ ಮನೆಗೆ ಹೆಚ್ಚು ಒಪ್ಪುತ್ತದೆ.

ಟಕ್ಕೆನ್ನುವುದನ್ನೇ ಈಗಾಗಲೇ ಕೊಂಡವರು ನಿರಾಶರಾಗಬೇಕಾಗಿಲ್ಲ. ಮನೆಯಲ್ಲಿಯೇ ಸ್ಥೂಲವಾಗಿ ಪರೀಕ್ಷಿಸುವ ಉಪಾಯವುಂಟು. ರೆಂಚಿನ ಚೌಕದ ಮೂತಿಯನ್ನು ವೈಸಿನಲ್ಲಿ ಕಚ್ಚಿಸಿ, ಹಿಡಿ ನೆಲಕ್ಕೆ ಸಮಾನಾಂತರವಾಗಿರುವಂತೆ ನಿಲ್ಲಿಸಬೇಕು. ಹಿಡಿಯ ಮೇಲೆ, ಕೈ ಹಿಡಿಯುವ ಗುರುತಿನಲ್ಲಿ, ದಾರದಿಂದ ತೂಕವನ್ನು ತೂಗುಹಾಕಬೇಕು. ಮೂತಿಯ ನಡುವಿನಿಂದ ದಾರದವರೆಗೆ ೨೫ ಸೆಂಟಿಮೀಟರ್ ಇದ್ದು, ತೂಕ ೨ ಕಿಲೋಗ್ರಾಂ ಆದರೆ ತಿರುಚು ೪.೯ ನ್ಯೂಟನ್-ಮೀಟರ್, ರೆಂಚಿನ ಸ್ವಂತ ಭಾರದಿಂದ ಅದಕ್ಕೆ ಅಲ್ಪಸ್ವಲ್ಪ ಸೇರುತ್ತದೆ. ಐದಕ್ಕೆ ಇಟ್ಟ ರೆಂಚು ಒಂದು ಕಿಲೋಗೇ ಸದ್ದು ಮಾಡಿದರೂ, ಮೂರು ಕಿಲೋಗೂ ಮೌನವಾಗಿದ್ದರೂ ಅದನ್ನು ನಂಬತಕ್ಕದ್ದಲ್ಲ.

ಬಳಸುವ ಕ್ರಮದಲ್ಲಿ ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಹಿಡಿಯ ಗುರುತಿನಲ್ಲಿಯೇ ಹಿಡಿದು, ನಿಧಾನವಾಗಿ, ಜಗ್ಗದೆ ಒತ್ತಬೇಕು. ಹಿಡಿಗೆ ಕೊಳವೆ ಸೇರಿಸಿ ಉದ್ದ ಮಾಡಬಾರದು. ಬಿಚ್ಚುವ ಕೆಲಸಕ್ಕೆ ಇದನ್ನು ಬಳಸಲೇಬಾರದು. ಅದಕ್ಕೆ ಸಾಮಾನ್ಯ ಅಲೆನ್ ಕೀ ಇದೆ. ಸ್ಟೆಮ್ಮಿನ ನಾಲ್ಕು ಬೋಲ್ಟುಗಳನ್ನು ಒಂದಾದ ಮೇಲೊಂದು ಪೂರ್ತಿಯಾಗಿ ಬಿಗಿಯದೆ, ಮೂಲೆಯಿಂದ ಎದುರು ಮೂಲೆಗೆ ಹೋಗುತ್ತ, ಮೊದಲು ೨, ಆಮೇಲೆ ೪, ಆಮೇಲೆ ೫ ಎಂಬಂತೆ ಹಂತ ಹಂತವಾಗಿ ಏರಿಸಬೇಕು. ತಯಾರಕರು ಬೇರೆ ಕ್ರಮ ಹೇಳಿರದಿದ್ದರೆ ಮುಚ್ಚಳದ ಮೇಲಿನ ಸಂದೂ ಕೆಳಗಿನ ಸಂದೂ ಸಮನಾಗಿ ಉಳಿಯಬೇಕು. ನಾಲ್ಕನೆಯದನ್ನು ಬಿಗಿದಾಗ ಮೊದಲನೆಯದು ತುಸು ಸಡಿಲವಾಗಿರುವುದು ಸಹಜ. ಮತ್ತೊಂದು ಸುತ್ತು ಬರಬೇಕು. ಕಡೆಗೆ ಮುಂಚಕ್ರವನ್ನು ಮೊಣಕಾಲುಗಳ ನಡುವೆ ಇರುಕಿಕೊಂಡು ಹ್ಯಾಂಡಲ್ಲನ್ನು ತಿರುವಿ, ಅನಂತರ ಅದರ ಮೇಲೆ ಭಾರ ಬಿಟ್ಟು ನೋಡಿದರೆ ಮನಸ್ಸಿಗೂ ಸಮಾಧಾನ. ಸವೆದ ಬೋಲ್ಟು, ಬಿರಿದ ಭಾಗ, ಹೊಂದದ ಕ್ಲಾಂಪು, ಇವುಗಳನ್ನು ರೆಂಚು ಕಂಡುಹಿಡಿಯಲಾರದು. ಅದಕ್ಕೆ ಕಣ್ಣೇ ಬೇಕು.

ಅಳತೆಯ ಸಾಧನ ಬಂದರೆ ಕೈಯ ವಿದ್ಯೆ ಹೋಗುತ್ತದೆಂದು ಕೊರಗುವವರುಂಟು. ನಮ್ಮಲ್ಲಿ ಹಾಗಾಗಲಿಲ್ಲ. ಕೆಲವು ತಿಂಗಳಲ್ಲಿ ಮಗಳಿಗೆ ಐದು ನ್ಯೂಟನ್-ಮೀಟರ್ ಎಂದರೇನೆಂಬುದು ಮಣಿಕಟ್ಟಿಗೇ ತಿಳಿದುಬಿಟ್ಟಿತು. ಮುಳ್ಳನ್ನು ನೋಡುವ ಮೊದಲೇ ಅವಳ ಕೈ ಮೆಲ್ಲಗಾಗುತ್ತದೆ. ಆದರೂ ನೋಡುತ್ತಾಳೆ. ಹೊಸದಾಗಿ ಅಡಿಗೆ ಕಲಿಯುವವಳು ಮೊದಲು ಅಳೆದು ಉಪ್ಪು ಹಾಕುತ್ತಾಳೆ. ಅಳೆದೂ ಅಳೆದೂ ಕೈಯೇ ಅಳತೆಯಾಗುತ್ತದೆ. ಅಳತೆಯನ್ನು ಕಾಣದ ಕೈ ತಾನು ಕಲಿತದ್ದು ಸರಿಯೋ ತಪ್ಪೋ ಎಂಬುದನ್ನೇ ತಿಳಿಯದೆ ಪಳಗಿಬಿಡುತ್ತದೆ. ಮೇಸ್ತ್ರಿಗಳೂ ಈಗ ಗೇರಿನ ಗಾಡಿಗಳು ಬಂದಾಗ ಹುಡುಗನನ್ನು ನಮ್ಮ ಮನೆಗೆ ಕಳುಹಿಸಿ ರೆಂಚನ್ನು ತರಿಸಿಕೊಳ್ಳುತ್ತಾರೆ. ಪ್ರತಿಯಾಗಿ ನಮ್ಮ ಗಾಡಿಗಳ ಚಕ್ರದ ಕಡ್ಡಿಗಳಿಗೆ ಸ್ವರ ಕೂಡಿಸಿ ಕೊಡುತ್ತಾರೆ. ಆ ವಿದ್ಯೆಗೆ ಸರಿಸಾಟಿಯಾದ ಉಪಕರಣವನ್ನು ನಾನು ಕೊಳ್ಳಲಾರೆ.

ಪ್ರತಿಯೊಂದು ಮನೆಯೂ ಈ ರೆಂಚನ್ನು ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಉಕ್ಕಿನ ಕರಿಯ ಗಾಡಿಯೊಂದೇ ಇರುವವರಿಗೆ ಇದು ಅನಾವಶ್ಯಕ. ನಾಲ್ಕು ಮನೆಯವರು ಕೂಡಿ ಒಂದನ್ನು ತಂದಿಟ್ಟುಕೊಂಡರೂ ಸಾಕು. ಆದರೆ ಮಕ್ಕಳನ್ನು ಹಗುರವಾದ ಗಾಡಿಗಳ ಮೇಲೆ ಕೂರಿಸಿ ಬೀದಿಗೆ ಕಳುಹಿಸುವ ನಾವೆಲ್ಲರೂ ಮಾಡಬಹುದಾದ, ಕಾಸು ಖರ್ಚಿಲ್ಲದ ಕೆಲಸವೊಂದುಂಟು. ಹೊಸ ಬೈಸಿಕಲ್ಲನ್ನು ತರುವಾಗ ಬಣ್ಣವನ್ನು ಕೇಳುತ್ತೇವೆ, ಗೇರುಗಳು ಎಷ್ಟೆಂದು ಕೇಳುತ್ತೇವೆ, ಬೆಲೆಯನ್ನಂತೂ ಮೂರು ಸಲ ಕೇಳುತ್ತೇವೆ. ಹ್ಯಾಂಡಲ್ಲಿನ ಬೋಲ್ಟುಗಳನ್ನು ಎಷ್ಟಕ್ಕೆ ಬಿಗಿದಿದ್ದೀರಿ, ಯಾವುದರಿಂದ ಅಳೆದಿರಿ ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳತಕ್ಕದ್ದು. ಉತ್ತರ ಬಾರದಿದ್ದರೆ, ಅಳೆದು ಬಿಗಿಯುವವರೆಗೆ ಗಾಡಿಯನ್ನು ಮನೆಗೆ ತರಬೇಕಾಗಿಲ್ಲ.